ಖಾಲಿ ರಸ್ತೆಗೆ ಹಾಕಿದ ಕತ್ತರಿ

ತಂಗಿ ರೇಣುಕಾಳ ಹಾಡಿನ ನಡುಭಾಗವನ್ನು ಕತ್ತರಿಸುವ ಮೊದಲು ನಾನು ಅವಳನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಆಗಲೇ ನಾನು ಬೆಟಗೇರಿಯಲ್ಲಿ ಸ್ಟುಡಿಯೊ ಇಟ್ಟು ಬಹಳ ವರ್ಷಗಳಾಗಿದ್ದವು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕ್ಯಾಮೆರಾ, ಎಡಿಟಿಂಗ್ ಎಲ್ಲ ಮಾಡುತ್ತಲೇ ಕಲಿತದ್ದು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ, ಎಲ್ಲಿ ಮದುವೆಯಿದ್ದರೂ ವಿಡಿಯೊಗೆ ನನ್ನನ್ನೇ ಕರೆಯುತ್ತಿದ್ದರು. ಈ ಕೆಲಸದಲ್ಲಿ ನಾನು ಯಾರಿಗೂ ಕಡಿಮೆಯಲ್ಲ. ಮದುವೆ ವಿಡಿಯೊದ ನಿಯಮ ಸರಳ: ಬಂದ ಬೀಗರ ಮುಖ ಒಂದೂ ತಪ್ಪಬಾರದು, ಮುಖ ಕಾಣದ ತುಣುಕು ವೇಸ್ಟ್.

ರೇಣುಕಾ ಮದುವೆಯಾಗಿ ಮುಳಗುಂದ ರಸ್ತೆಯ ಹೊಸ ಲೇಔಟಿಗೆ ಹೋದಳು. ನಮ್ಮ ಓಣಿಯಲ್ಲಿ ಒಂದು ಮನೆಯ ಮಗ್ಗದ ಸಪ್ಪಳ ಮತ್ತೊಂದು ಮನೆಗೆ ಕೇಳುತ್ತದೆ. ಆ ಲೇಔಟಿನಲ್ಲಿ ಮಧ್ಯಾಹ್ನ ಒಂದು ಗೇಟೂ ತೆರೆಯುವುದಿಲ್ಲ. ಆ ಬದುಕಿನ ಮೇಲೆ ಅವಳು ಹಾಡು ಕಟ್ಟಿದಳು. ಕೀಬೋರ್ಡ್ ಅವಳದು, ಡ್ರಮ್ಸ್ ಗೆಳತಿ ಶಬಾನಾಳದು. ಪ್ರೊಗ್ರೆಸಿವ್ ರಾಕ್ ಎಂದರು. ನನಗೆ ತಿಳಿದ ಮಟ್ಟಿಗೆ, ಅದು ಪಲ್ಲವಿ ಚರಣಗಳ ಲೆಕ್ಕಕ್ಕೆ ಸಿಗದ ಉದ್ದನೆಯ ಹಾಡು. ನಡುವೆ ತಾಳ ಬದಲಾಗಿ, ಮಾತೇ ಇಲ್ಲದೆ ವಾದ್ಯಗಳು ಬಹಳ ಹೊತ್ತು ನುಡಿಯುತ್ತವೆ. ಅದಕ್ಕೆ ವಿಡಿಯೊ ಮಾಡಿಕೊಡಲು ರೇಣುಕಾ ನನಗೇ ಹೇಳಿದಳು.

"ಅಣ್ಣಾ, ಆ ಮಾತಿಲ್ಲದ ಭಾಗಕ್ಕ ಬರೇ ಖಾಲಿ ರಸ್ತಾ ತೋರಸು. ಯಾರೂ ಬರಬಾರ್ದು."

"ನಾಯಿ ಬಂದ್ರ?"

"ನಾಯಿ ಬರ್ಲಿ. ನಿನ್ನ ಡ್ರೋನ್ ಮಾತ್ರ ಬ್ಯಾಡ."

ರಸ್ತೆಯನ್ನು ಹೇಳಿದಂತೆಯೇ ಶೂಟ್ ಮಾಡಿದೆ. ಆದರೆ ಕ್ಯಾಮೆರಾ ಕಂಡು ಅಕ್ಕಪಕ್ಕದ ಹೆಂಗಸರು ರೇಷ್ಮೆ ಸೀರೆಯುಟ್ಟು ಬಂದರು. ರೂಢಿಯ ಬಾಯಿ, "ಈ ಕಡೆ ನೋಡ್ರಿ ಅಕ್ಕಾರ, ನಗ್ರಿ" ಎಂದೆ. ಎಡಿಟಿಂಗಿಗೆ ಕುಳಿತಾಗ ಖಾಲಿ ರಸ್ತೆ ನನ್ನ ಕಣ್ಣಿಗೆ ವೇಸ್ಟಾಗಿ ಕಂಡಿತು. ಆ ಭಾಗವನ್ನು ಸಂಗೀತದ ಸಮೇತ ಕತ್ತರಿಸಿ, ನಗುವ ಮುಖಗಳನ್ನೂ ಡ್ರೋನಿನಿಂದ ತೆಗೆದ ಸಾಲು ಮನೆಗಳನ್ನೂ ಸೇರಿಸಿದೆ.

ಲೇಔಟಿನ ಸಮುದಾಯ ಭವನದಲ್ಲಿ ಎಲ್ಲರಿಗೂ ತೋರಿಸಿದಾಗ ಜೋರು ಚಪ್ಪಾಳೆ. ಪ್ಲಾಟ್ ಏಜೆಂಟನೊಬ್ಬ ಓಡಿ ಬಂದ. "ಭಾರಿ ಆಗೈತ್ರಿ! ಕೆಳಗ ನಮ್ಮ ಫೋನ್ ನಂಬರ್ ಹಾಕಿಕೊಡ್ರಿ, ಉಳಿದ ಪ್ಲಾಟ್ ಜಲ್ದಿ ಹೋಗ್ತಾವು."

"ಬಾರಿಸಿದಾಕಿ ನಾನ. ನನಗ ಹಾಡಿನ ಗುರ್ತ ಸಿಗ್ಲಿಲ್ಲ ನೋಡು," ಎಂದಳು ಶಬಾನಾ.

ರೇಣುಕಾ ಸಿಟ್ಟಾಗಲಿಲ್ಲ. "ಅದರಾಗಿಂದ ನನ್ನ ಹೆಸರು ತಗದುಬಿಡಣ್ಣಾ," ಎಂದಳು. ಆಮೇಲೆ ಕೀಬೋರ್ಡ್ ಮುಟ್ಟಲಿಲ್ಲ ಎಂದು ಅವಳ ಗಂಡನಿಂದ ಖಬರ ಬಂತು. ನಾನು ಬಿಗುಮಾನ ಬಿಡಲಿಲ್ಲ. ಇಷ್ಟು ಜನ ಹೊಗಳಿದ್ದರಲ್ಲ.

ಒಂದು ದಿನ ಕಂಪ್ಯೂಟರ್ ಖಾಲಿ ಮಾಡುತ್ತಿದ್ದಾಗ ಆ ಖಾಲಿ ರಸ್ತೆಯ ತುಣುಕು ಸಿಕ್ಕಿತು. ಅಳಿಸುವ ಮುಂಚೆ ಅವಳ ಸಂಗೀತ ಹಚ್ಚಿ ನೋಡಿದೆ. ಏಳು ಮಾತ್ರೆಯ ತಾಳ ಸುತ್ತಿ ಸುತ್ತಿ ಬರುತ್ತಿತ್ತು. ಬಿಸಿಲು, ರಸ್ತೆ, ಮುಚ್ಚಿದ ಗೇಟುಗಳು. ಈಗ ಯಾರಾದರೂ ಬರುತ್ತಾರೆ ಎಂದು ಕಾಯುತ್ತ ಕುಳಿತೆ. ಯಾರೂ ಬರಲಿಲ್ಲ. ತಂಗಿ ದಿನಾ ಹೀಗೆಯೇ ಕಾಯುತ್ತಾಳೆ ಎಂಬುದು ಆಗ ತಿಳಿಯಿತು. ಶೂಟಿಂಗ್ ಬಿಟ್ಟರೆ ನಾನು ಆ ಮನೆಗೆ ಹೋದವನೇ ಅಲ್ಲ.

ಕತ್ತರಿಸುವವನಿಗೆ ಕೈಚಳಕ ಸಾಲದು. ಕತ್ತರಿಸುತ್ತಿರುವುದು ಯಾರದೆಂದು ಕೇಳುವ ಬುದ್ಧಿಯೂ ಬೇಕು. ವೃತ್ತಿ ನನಗೆ ಇದನ್ನು ತಡವಾಗಿ ಕಲಿಸಿತು.

ಇಡೀ ಹಾಡನ್ನು ಅವಳು ಹೇಳಿದಂತೆಯೇ ಜೋಡಿಸಿಕೊಂಡು ಮರುದಿನ ಮಧ್ಯಾಹ್ನ ಅವಳ ಮನೆಗೆ ಹೋದೆ. ಗೇಟು ತೆರೆದು ನಿಂತವಳು, "ಏನಣ್ಣಾ, ಫೋನೂ ಮಾಡದ ಬಂದೀ?" ಎಂದಳು.

"ತಪ್ಪಾತು ರೇಣು. ನಿನ್ನ ಕೇಳದ ನಿನ್ನ ಹಾಡು ಕತ್ತರಿಸಿದೆ. ಇಷ್ಟು ಹತ್ರ ಇದ್ದೂ ನಿನ್ನ ಮನಿಗೆ ಬರ್ಲಿಲ್ಲ. ತಪ್ಪಾತವ್ವಾ."