ಮೈಗೆ ತಕ್ಕ ಮಾತ್ರೆ

ನನ್ನ ತಂಗಿಯನ್ನು ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುತ್ತಾರೆ. ಯಾರ ಮೈಮೇಲೆ ಸಡಿಲವಾದ ಬಟ್ಟೆ ಕಂಡರೂ ಅವಳ ಕೈ ಸುಮ್ಮನಿರದು. ಹಿಡಿದು, ಮಡಿಸಿ, ಮೈಗೆ ತಕ್ಕಂತೆ ಮಾಡಿಯೇ ಬಿಡುವವಳು. ಗಂಡ ಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದು ಆ ಕೈಯೇ.

ಒಮ್ಮೆ ಮಿಷನ್ನಿನ ಸೂಜಿ ಬಲಗೈ ತೋರುಬೆರಳಿಗೆ ಹೊಕ್ಕು ಕೀವಾಗಿ ಜ್ವರ ಬಂತು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. ಎರಡು ದಿನ ಬಿಟ್ಟು ನಾನು ನೋಡಲು ಹೋದರೆ ಇವಳು ಬಟ್ಟೆ ಕತ್ತರಿಯಿಂದ ಮಾತ್ರೆಯನ್ನು ಕಟಕ್ಕೆಂದು ತುಂಡರಿಸುತ್ತಿದ್ದಾಳೆ!

"ಏನೇ ಇದು?"

"ಎದುರುಮನೆ ಮೇಸ್ತ್ರಿಗೂ ಇದೇ ಮಾತ್ರೆಯಂತೆ ಅಕ್ಕ. ಆನೆಯಂಥ ಆಳು. ಅವನ ಅಂಗಿ ನಂಗೆ ಸರಿಹೋಗುತ್ತಾ? ನಂಗೆ ಅರ್ಧ ಸಾಕು."

"ಡಾಕ್ಟರಿಗೇ ಅಳತೆ ಹೇಳ್ಕೊಡ್ತೀಯೇನೇ?"

"ಜ್ವರ ಇಳಿದಿದೆಯಲ್ಲ, ಹೇಳು ಮತ್ತೆ!"

ಇಳಿದದ್ದು ನಿಜ. ಅವಳ ಮಾತೇ ಗೆದ್ದಿತು.

ಆದರೆ ಜ್ವರ ಮರಳಿತು, ಕೈ ಬಾತು ಕುಂಬಳಕಾಯಿಯಾಯಿತು. ಈಗ ಇಡೀ ಮಾತ್ರೆ ನುಂಗಿದರೂ ಬೋರ್ಗಲ್ಲ ಮೇಲೆ ನೀರು ಸುರಿದಂತೆ. ಆಸ್ಪತ್ರೆಗೆ ಸೇರಿಸಿದೆವು. ಕೀವಿನ ಪರೀಕ್ಷೆ ಬಂದ ಮೇಲೆ ಡಾಕ್ಟರಮ್ಮ ಮಂಚದ ಪಕ್ಕ ಕೂತು ಹೇಳಿದರು:

"ಔಷಧಿ ಮುರಿದುಹಾಕೋ ವಿದ್ಯೆ ಈ ಕ್ರಿಮಿಯ ಜೀನಿನಲ್ಲೇ ಇದೆ. ಸುಮ್ನೆ ಯಾಕೆ ದಣೀಬೇಕು ಅಂತ ಅದರ ಸ್ವಿಚ್ಚು ಆರಿಸ್ಕೊಂಡಿರುತ್ತೆ. ಔಷಧಿ ಸೋಕಿದ್ರೆ ಹಾಕ್ಕೊಳ್ಳುತ್ತೆ. ಪೂರ್ತಿ ಮಾತ್ರೆ ಬಿದ್ದಿದ್ರೆ ಅಷ್ಟರೊಳಗೇ ಹೆಚ್ಚಿನವು ಸಾಯ್ತಿದ್ವು. ಅರ್ಧ ಮಾತ್ರೆ ಅವನ್ನ ತಟ್ಟಿ ಎಬ್ಬಿಸಿತು, ಅಷ್ಟೆ."

"ಮತ್ತೆ ಆರಿಸ್ಕೊಳ್ಳಲ್ವಾ?" ಎಂದೆ.

"ಎಷ್ಟೋ ಆರಿಸ್ಕೊಳ್ತವೆ ಅಜ್ಜಿ. ಕೆಲವಕ್ಕೆ ಆರಿಸೋ ಭಾಗವೇ ಕೆಟ್ಟಿರುತ್ತೆ. ಸ್ವಿಚ್ಚು ಹಾಕಿದ್ದು ಹಾಕಿದ ಹಾಗೇ. ಔಷಧಿಗೆ ಮಿಕ್ಕವು ಸತ್ತು, ಈಗ ಇವರ ಕೈಯಲ್ಲಿ ಅಂಥವೇ ತುಂಬಿವೆ."

ಕಣ್ಣಿಗೆ ಕಾಣದ್ದರ ಜೊತೆ ಜಗಳ ಆಡುವುದು ಹೇಗೆ?

ಡಾಕ್ಟರಮ್ಮ ಕೆಂಪಾದ ಚರ್ಮದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದರು. "ಬೇರೆ ಔಷಧಿ ಹಾಕ್ತಿದ್ದೀನಿ. ಕೆಂಪು ಈ ಗೆರೆ ದಾಟಿದ್ರೆ ಬೆರಳು ತೆಗೀಬೇಕಾಗಬಹುದು."

ಅವರು ಹೋದ ಮೇಲೆ ತಂಗಿ, "ಗುರುತು ಹಾಕಿಬಿಟ್ರು ಅಕ್ಕ, ಕತ್ತರಿ ಆಡಿಸೋದೊಂದೇ ಬಾಕಿ" ಎಂದು ನಗಲು ಹೋದಳು. ಆಗಲಿಲ್ಲ. ಗೋಡೆಗೆ ಮುಖ ತಿರುಗಿಸಿದಳು. "ನೀನೇ ನೋಡ್ತಿರು. ನನ್ನಿಂದಾಗಲ್ಲ."

ಕನ್ನಡಕ ಒರೆಸಿ ಒರೆಸಿ ನೋಡಿದೆ. ಕೆಂಪು ಆ ಗೆರೆಗೆ ಅಂಟಿಕೊಂಡೇ ಇತ್ತು. ದಾಟಿತೋ, ನನ್ನ ಕಣ್ಣೇ ಮಂಜೋ? ಅವಳು "ಏನಾಯ್ತಕ್ಕಾ?" ಎಂದಾಗಲೆಲ್ಲ ಮತ್ತೆ ಕನ್ನಡಕ ಒರೆಸಲು ತೊಡಗುತ್ತಿದ್ದೆ. ಮರುದಿನ ಮಧ್ಯಾಹ್ನ ಗೆರೆಗೂ ಕೆಂಪಿಗೂ ನಡುವೆ ಕೂದಲೆಳೆಯಷ್ಟು ಮಾಮೂಲಿ ಚರ್ಮ ಕಂಡಿತು.

ಬೆರಳು ಉಳಿಯಿತು. ತುದಿಯ ಗೆಣ್ಣು ಮಾತ್ರ ಮಡಚುವುದಿಲ್ಲ. ಗುಂಡಿಯ ಕಾಜಾ ಹೊಲಿಯುವಾಗ ಬೆರಳನ್ನು ಬೈಯುತ್ತಾ ಕೂರುತ್ತಾಳೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಜ್ವರವಿರಲಿಲ್ಲ, ಆದರೆ ಹೊಸ ಔಷಧಿಯ ಮಾತ್ರೆ ಇನ್ನೂ ಕೆಲವು ದಿನ ನುಂಗುವುದಿತ್ತು. ಅಂಗೈಯಲ್ಲಿ ಒಂದನ್ನು ಇಟ್ಟುಕೊಂಡು ಹಾವನ್ನು ಕಂಡವಳಂತೆ ಕೂತಳು.

"ಅಕ್ಕಾ, ಎದುರಿಗೆ ಕೂತ್ಕೋ. ಇದು ಗಂಟಲಲ್ಲಿ ಇಳಿಯೋವರೆಗೂ ಎದ್ದು ಹೋಗ್ಬೇಡ. ಇಲ್ದಿದ್ರೆ ಈ ಕೈ ಮತ್ತೆ ಕತ್ತರಿ ಹುಡುಕುತ್ತೆ."

ಕೂತೆ.