ಇಬ್ಬರು ಕೂತು ಓದಬೇಕಾದ ಪ್ರೂಫ್

ಕೊಪ್ಪದ ನಮ್ಮ ಪ್ರೆಸ್ಸಿನಲ್ಲಿ ಒಂದು ಕಾನೂನಿತ್ತು. ಯಾವುದೇ ಕಾಗದ ಅಚ್ಚಿಗೆ ಹೋಗುವ ಮೊದಲು ಇಬ್ಬರು ಎದುರುಬದುರು ಕೂರಬೇಕು. ಒಬ್ಬರು ಗಿರಾಕಿ ಬರೆದುಕೊಟ್ಟದ್ದನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫಿನ ಮೇಲೆ ಕಣ್ಣಿಟ್ಟು ಕೇಳಬೇಕು. ಹಿಂದೊಮ್ಮೆ ಒಂದು ಲಗ್ನಪತ್ರಿಕೆಯಲ್ಲಿ ವರನ ಅಜ್ಜನ ಹೆಸರಿಗೆ ನಾವು ‘ದಿವಂಗತ’ ಎಂದು ಸೇರಿಸಿಬಿಟ್ಟಿದ್ದೆವು. ಮರುದಿನ ದಿವಂಗತರೇ ಖುದ್ದಾಗಿ ಮುತ್ತಿನಕೊಪ್ಪದಿಂದ ಬಸ್ಸು ಹಿಡಿದು ಬಂದು, ಜಗಳವಾಡಿ, ಕಾಫಿ ಕುಡಿದು ಹೋದರು. ಆ ಮೇಲೆ ನಾನೇ ಮಾಡಿದ ಕಾನೂನು ಅದು. ಅಚ್ಚಿನ ಮೊಳೆಗಳು ಹೋಗಿ ಕಂಪ್ಯೂಟರ್ ಬಂದರೂ ಅದು ಉಳಿಯಿತು. ತಿದ್ದುಪಡಿಗೆ ಅವಕಾಶ ಇಡಬೇಕೆಂದು ನನಗೆ ಹೊಳೆದಿರಲಿಲ್ಲ.

ಕೆಲವು ವರ್ಷದ ಹಿಂದೆ ಡಿಸೈನ್ ಕೆಲಸಕ್ಕೆ ಕಿಗ್ಗದ ಕಡೆಯ ಹುಡುಗಿಯೊಬ್ಬಳು ಸೇರಿದಳು. ಶೃಂಗೇರಿಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದಳು. ನಾನು ಅರ್ಧ ದಿನ ಹಣೆ ಉಜ್ಜಿಕೊಂಡು ಮಾಡುತ್ತಿದ್ದುದನ್ನು ಎರಡು ಗುಂಡಿ ಒತ್ತಿ ಮುಗಿಸುತ್ತಿದ್ದಳು. ದೊಡ್ಡ ಮನಸ್ಸು ಮಾಡಿ ನಾನು ಅದನ್ನು ಕ್ಷಮಿಸಿದ್ದೆ.

ಎರಡನೆಯ ವರ್ಷ ಅವಳ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ಮಾತು ಕೆಟ್ಟಿತು. ಅವರು ಆಡುವುದು ಹೆಂಡತಿಗೂ ತಿಳಿಯುತ್ತಿರಲಿಲ್ಲ. ಮಗಳೊಬ್ಬಳಿಗೆ ಮಾತ್ರ ಅರ್ಥವಾಗುತ್ತಿತ್ತು. ಅವಳಿಲ್ಲದ ಹೊತ್ತಿನಲ್ಲಿ ನೀರು ಕೇಳಿದರೆ ಕಂಬಳಿ ಹೊದಿಸುತ್ತಿದ್ದರಂತೆ. ಅಪ್ಪ ಕಂಬಳಿ ಒದ್ದು ಅಳುತ್ತಿದ್ದರಂತೆ.

ಒಂದು ದಿನ ನನ್ನ ಮೇಜಿನ ಮುಂದೆ ನಿಂತಳು.

“ಸರ್, ವಾರಕ್ಕೆ ಮೂರು ದಿನ ಮನೆಯಿಂದ್ಲೇ ಕೆಲ್ಸ ಮಾಡ್ತೀನಿ. ಲ್ಯಾಪ್‌ಟಾಪ್ ಇದೆ. ಪ್ರೂಫ್ ವಾಟ್ಸಾಪಲ್ಲಿ ಕಳಿಸ್ತೀನಿ. ಫೋನಲ್ಲಿ ಓದ್ತೀನಿ, ನೀವು ಇಲ್ಲಿ ನೋಡ್ಕೊಳ್ಳಿ.”

“ಎದುರಿಗೆ ಮುಖ ಇಲ್ದೆ ಎಂಥ ಓದು ಮಾರಾಯ್ತಿ?”

“ತಪ್ಪು ಹಿಡಿಯೋಕೆ ಮುಖ ಎಂತಕ್ಕೆ ಸರ್? ಕಿವಿ ಸಾಕಲ್ಲ.”

ನಮ್ಮ ಮುದುಕ ಮೆಶಿನ್‌ಮ್ಯಾನ್ ಒಳಗಿಂದಲೇ ಕೂಗಿದ: “ಹೇಳಿ ಮಾರಾಯ್ರೆ, ಕಾನೂನಲ್ಲಿ ಮುಖದ ವಿಷಯ ಎಷ್ಟನೇ ಕಲಮು?”

ಆಷಾಢದಲ್ಲಿ ಮದುವೆಗಳಿಲ್ಲ. ಆ ಒಂದು ತಿಂಗಳ ಮಟ್ಟಿಗೆ, ಪ್ರಯೋಗಾರ್ಥವಾಗಿ, ಅನುಮತಿ ದಯಪಾಲಿಸಿದೆ. ಅವರ ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಗದ್ದೆಯಾಚೆಯ ದಿಣ್ಣೆ ಹತ್ತಿ, ಕೊಡೆ ಹಿಡಿದು ನಿಂತು ಓದುತ್ತಿದ್ದಳು. ತಿಂಗಳಿಡೀ ಒಂದು ತಪ್ಪೂ ಬರಲಿಲ್ಲ. ಇದರಿಂದ ನನಗಾದ ನಿರಾಶೆಯನ್ನು ನಾನು ಯಾರಿಗೂ ಹೇಳಿಲ್ಲ. ಶ್ರಾವಣ ಹುಟ್ಟಿದ್ದೇ ತಡ, ಪದ್ಧತಿ ಪದ್ಧತಿಯೇ ಎಂದು ಮತ್ತೆ ಕರೆಸಿಕೊಂಡೆ.

“ತಪ್ಪು ಎಂತ ಆಯ್ತು ಸರ್?” ಎಂದಷ್ಟೇ ಕೇಳಿದಳು.

ತಪ್ಪಾಗಿದ್ದರೆ ಉತ್ತರ ಸುಲಭವಿತ್ತು. “ಸೀಸನ್ನು” ಎಂದೆ.

ಮಾಘದ ಒಂದು ಮಧ್ಯಾಹ್ನ ಅವಳಿಗೆ ಆ ದಿಣ್ಣೆಯ ಮೇಲಿಂದ ಅಮ್ಮನ ಫೋನ್ ಬಂತು. ಮಾತು ಮುಗಿಸಿದವಳೇ ಚೀಲ ಹೆಗಲಿಗೇರಿಸಿದಳು.

“ಅಪ್ಪ ಬೆಳಗ್ಗಿಂದ ಎಂತದೋ ಒಂದೇ ಮಾತು ಹೇಳ್ತಾನೇ ಇದಾರಂತೆ ಸರ್. ಊಟನೂ ಬೇಡ ಅಂತಿದಾರೆ. ಅಮ್ಮಂಗೆ ಗೊತ್ತಾಗ್ತಿಲ್ಲ. ಈಗಿನ ಬಸ್ಸಿಗೇ ಹೋಗ್ತೀನಿ.”

ಮೇಜಿನ ಮೇಲೆ ನರಸಿಂಹರಾಜಪುರದ ದೊಡ್ಡ ಕುಟುಂಬವೊಂದರ ಲಗ್ನಪತ್ರಿಕೆಯ ಪ್ರೂಫ್ ಇತ್ತು. “ಇದೊಂದು ಓದಿಕೊಟ್ಟು ಹೋಗು. ಹತ್ತು ನಿಮಿಷ” ಎಂದೆ.

“ಅವಳು ಹೋಗ್ಲಿ ಮಾರಾಯ್ರೆ, ನಾ ಓದ್ತೀನಿ” ಎಂದ ಮೆಶಿನ್‌ಮ್ಯಾನ್.

“ನಿನ್ನ ಓದಿಗೆ ಕನ್ನಡಕ ಬೇಕು, ಆ ಕನ್ನಡಕಕ್ಕೆ ಇನ್ನೊಂದು ಕನ್ನಡಕ ಬೇಕು” ಎಂದೆ. ಅವನು ನಕ್ಕ. ಅವಳೂ ನಕ್ಕಂತೆ ಮಾಡಿ, ಚೀಲ ಇಳಿಸದೆ ಕೂತಳು.

ಸುಖಾಗಮನ ಬಯಸುವವರು ನಾಲ್ಕು ಸಾಲುಗಟ್ಟಿ ನಿಂತಿದ್ದರು. ಅತ್ತೆಯಂದಿರು, ಮಾವಂದಿರು, ಅವರ ಅಳಿಯಂದಿರು. ಅವಳು ಎಲ್ಲೂ ತಡವರಿಸದೆ ಓದಿದಳು. ಇನಿಷಿಯಲ್ ಸರಿಯಿದೆಯೇ ಎಂದು ನಾನು ಎರಡು ಕಡೆ ನಿಲ್ಲಿಸಿದೆ. ಎರಡು ಕಡೆಯೂ ಸರಿಯಿತ್ತು. ಕೊನೆಗೆ ‘ಆಶೀರ್ವಾದವೇ ಉಡುಗೊರೆ’ ಎಂಬಲ್ಲಿಗೆ ಬರುವಾಗ ಬಸ್ಸು ಹೋಗಿಯಾಗಿತ್ತು.

ಮುಂದಿನ ಬಸ್ಸಿನಲ್ಲಿ ಶೃಂಗೇರಿ ಮುಟ್ಟುವಷ್ಟರಲ್ಲಿ ಕಿಗ್ಗದ ಬಸ್ಸೂ ತಪ್ಪಿತ್ತು. ಆಟೋ ಮಾಡಿಕೊಂಡು ಮನೆ ಸೇರಿದಳು. ಅಪ್ಪ ತೀರಿಕೊಂಡು ಅರ್ಧ ಗಂಟೆಯಾಗಿತ್ತು. ಕೊನೆಯವರೆಗೂ ಅದೇ ಮಾತನ್ನು ಹೇಳುತ್ತಿದ್ದರಂತೆ.

ಹದಿಮೂರನೆಯ ದಿನದ ಊಟಕ್ಕೆ ನಾನು ಹೋಗಿದ್ದೆ. ಬಂದವರೆಲ್ಲ ಎದ್ದು ಹೋದ ಮೇಲೆ ಜಗಲಿಯಲ್ಲಿ ಉಳಿದವರು ಮೂವರೇ. ತಾಯಿ ಬಾಯಿಯನ್ನು ಒಂದು ಕಡೆಗೆ ಸೊಟ್ಟ ಮಾಡಿಕೊಂಡು, ನಾಲಿಗೆ ದಪ್ಪ ಮಾಡಿಕೊಂಡು, ಅದೆಂಥದೋ ಶಬ್ದ ಹೊರಡಿಸುತ್ತಿದ್ದರು. ಮಗಳು ಅವರ ತುಟಿಯನ್ನೇ ನೋಡುತ್ತಿದ್ದಳು.

“ಹೀಗಾ ಅಮ್ಮ?” ಎಂದು ತಾನೂ ಹಾಗೇ ಮಾಡಿ ತೋರಿಸಿದಳು.

“ಹೀಗಲ್ಲ ಕೂಸೇ. ಅಪ್ಪ ಕೊನೆಗೆ ಸ್ವಲ್ಪ ಎಳೀತಿದ್ರು.”

ಅವಳು ಹಾಗೂ ಹೇಳಿ ನೋಡಿದಳು. ತಿಳಿಯಲಿಲ್ಲವೆಂದು ತಲೆಯಾಡಿಸಿದಳು. ಹದಿಮೂರು ದಿನದಿಂದ ಇದು ನಡೆದಿತ್ತೆಂದು ತೋರುತ್ತದೆ. ಅವರಿಬ್ಬರಲ್ಲಿ ಅಳು ಇರಲಿಲ್ಲ, ಕೆಲಸ ಮಾಡುವವರ ಶ್ರದ್ಧೆ ಇತ್ತು.

ನನಗೆ ಕೂರಲಾಗಲಿಲ್ಲ. ಎದ್ದು, ಬರುವಾಗ ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಮಾತನ್ನು ಹೇಳಿದೆ. “ಇನ್ನು ನೀನು ಮನೆಯಿಂದ್ಲೇ ಮಾಡು. ಮೂರು ದಿನ ಅಲ್ಲ, ವಾರ ಪೂರ್ತಿ. ಓದೋದೂ ಫೋನಲ್ಲೇ ಆಗ್ಲಿ.”

ಅವಳು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

“ಇನ್ನು ಎಂತಕ್ಕೆ ಸರ್? ಸೋಮವಾರ ಬರ್ತೀನಿ.”

ಹಾಗೆಂದು ತಾಯಿಯ ಕಡೆ ತಿರುಗಿದಳು. “ಇನ್ನೊಂದ್ಸಲ ಹೇಳು ಅಮ್ಮ. ನಿಧಾನಕ್ಕೆ.”