ಹಿತ್ತಾಳೆ ಬಿಲ್ಲೆಯ ಮೇಲೆ ಎರಡು ಬೆರಳು

ಮೊನ್ನೆ ರಿಪೇರಿ ಅಂಗಡಿಯಲ್ಲಿ ನಮ್ಮ ಮಿಕ್ಸರ್‌ನ ವೈರಿಗೆ ಬೆಸುಗೆ ಹಾಕುತ್ತಿದ್ದಾಗ ರಾಳ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ನಾಶಿಕದ ಬಳಿಯ ಓಝರ್‌ನ ಕ್ವಾರ್ಟರ್ಸು, ಪಕ್ಕದ ಮನೆಯ ಕಾಕಾ ಕಣ್ಣ ಮುಂದೆ ಬಂದು ನಿಂತರು...

ಎಪ್ಪತ್ತರ ದಶಕದ ಮಾತು. ಇಬ್ಬರೂ ವಿಮಾನ ಕಾರ್ಖಾನೆಯಲ್ಲಿದ್ದೆವು. ಅವರು ಬೀದರ್ ಕಡೆಯವರು, ಮೀಟರ್ ರಿಪೇರಿಯಲ್ಲಿ ಎತ್ತಿದ ಕೈ. ಗುಲ್ಬರ್ಗಾದ ನಾನು ದುಡುಕುವುದರಲ್ಲಿ ಎತ್ತಿದ ಕೈ. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆಯನ್ನೇ ಗೋಡೆಗೆ ಎಸೆದೆ. ಹೆಂಡತಿ ಕೂಸನ್ನೆತ್ತಿಕೊಂಡು ತವರಿಗೆ ಹೋದಳು. ಇದು ಜ್ವರವಲ್ಲ, ಸ್ವಭಾವ, ಗುಳಿಗೆಗೆ ಇಳಿಯುವುದಿಲ್ಲ ಎಂದು ನಾಶಿಕದ ಡಾಕ್ಟರು ಕೈಚೆಲ್ಲಿದರು.

ಕಾಕಾ ಬಿಡಲಿಲ್ಲ. ಸಿಟ್ಟನ್ನು ತೋರಿಸುವ ಯಂತ್ರದ ಬಗ್ಗೆ ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದರಂತೆ. ಗುಜರಿಯ ಮೀಟರೊಂದಕ್ಕೆ ಬ್ಯಾಟರಿ, ಎರಡು ಹಿತ್ತಾಳೆ ಬಿಲ್ಲೆ ಬೆಸೆದು ಒಂದು ಡಬ್ಬಿ ಮಾಡಿದರು. ಬಿಲ್ಲೆಗಳ ಮೇಲೆ ಎರಡು ಬೆರಳಿಟ್ಟು ಕೂರಬೇಕು. ಮನಸ್ಸು ಕದಡಿದರೆ ನಮಗೇ ತಿಳಿಯದಂತೆ ಬೆರಳು ಬೆವರಿ ಮೀಟರಿನ ಮುಳ್ಳು ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ.

ನಾನೋ, ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಮುಳ್ಳನ್ನು ಇಳಿಸಲು ಹೋದೆ. ಅದು ಇನ್ನೂ ಏರಿತು. ಡಬ್ಬಿಯನ್ನೇ ಒಡೆಯಲು ಎದ್ದಾಗ ಕಾಕಾ ನಕ್ಕುಬಿಟ್ಟರು.

"ಅದರ ಕೂಡ ಕುಸ್ತಿ ಹಿಡೀಬ್ಯಾಡ್ರಿ. ಉಸಿರು ಬಿಡ್ರಿ, ಸುಮ್ನ ನೋಡ್ಕೋತ ಕೂಡ್ರಿ. ತಾನ ಇಳೀತದ."

ದಿನಾ ಸಂಜೆ ಕೂತೆ. ಎರಡು ತಿಂಗಳಲ್ಲಿ ಒಂದು ಗುಟ್ಟು ತಿಳಿಯಿತು. ಮುಳ್ಳು ಏರುವ ಮೊದಲೇ ನನ್ನ ಕಿವಿ ಬಿಸಿಯಾಗುತ್ತಿತ್ತು. ನಾನು ತಣ್ಣಗಾಗಿದ್ದೇನೆ, ಮಗಳನ್ನು ಕಳಿಸಿ ಎಂದು ಕಾಕಾ ತಾವಾಗಿಯೇ ನನ್ನ ಮಾವನಿಗೆ ಪತ್ರ ಬರೆದರು.

ಹೆಂಡತಿ ಬರುವ ದಿನ ಮನ್ಮಾಡ್ ಸ್ಟೇಷನ್ನಿಗೆ ಹೋದೆ. ಜೊತೆಗೆ ಬಂದ ಅವಳಣ್ಣ ಇಳಿಯುತ್ತಲೇ ಗುಡುಗಿದ: "ಮತ್ತ ಗೋಡಿಗೆ ತಾಟು ಒಗೀತೀರೇನು? ಈಗ ಹೇಳಿಬಿಡ್ರಿ, ವಾಪಸ್ ಕರ್ಕೊಂಡು ಹೋಗ್ತೀನಿ!"

ಪ್ಲಾಟ್‌ಫಾರ್ಮಿನ ಜನವೆಲ್ಲ ತಿರುಗಿ ನೋಡಿದರು. ಕಿವಿ ಕಾದವು. ನಾಲಗೆಯ ತುದಿಗೆ ಬೈಗುಳ ಬಂದಿತ್ತು. ಎರಡು ಬೆರಳನ್ನು ತೊಡೆಗೆ ಒತ್ತಿ ಹಿಡಿದು ಉಸಿರು ಬಿಟ್ಟೆ. ಅಲ್ಲಿಲ್ಲದ ಮುಳ್ಳು ಏರಿತು, ನಿಂತಿತು... ಮೆಲ್ಲಗೆ ಇಳಿಯಿತು.

"ಇಲ್ಲರಿ ಭಾವಾ. ತಪ್ಪು ನಂದ ಅದ" ಎಂದೆ.

ಹೆಂಡತಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೂಸನ್ನು ನನ್ನ ಕೈಗೆ ಕೊಟ್ಟಳು.

ನಿವೃತ್ತರಾದ ಕಾಕಾ ಊರಿಗೆ ಹೋಗುವಾಗ ಡಬ್ಬಿಯನ್ನು ನನಗೇ ಬಿಟ್ಟುಹೋದರು. ಪ್ರತಿ ದೀಪಾವಳಿಗೂ ಹೆಂಡತಿಯ ಒಂದೇ ಪ್ರಶ್ನೆ: "ಕಾಕಾಗ ಪತ್ರ ಬರದ್ರೇನ್ರಿ?" ಅವರ ಉಪಕಾರಕ್ಕೆ ತಕ್ಕ ಮಾತು ಸಿಗಲಿ ಎಂದು ಮುಂದೂಡುತ್ತಲೇ ಹೋದೆ... ಕೊನೆಗೆ ಅವರಿಲ್ಲ ಎಂಬ ಸುದ್ದಿಯೇ ಮೊದಲು ಬಂತು.

ಮಿಕ್ಸರ್ ಮನೆಗೆ ತಂದವನು ಅಟ್ಟದಿಂದ ಡಬ್ಬಿ ಇಳಿಸಿ, ಬಿಲ್ಲೆಗಳ ಮೇಲೆ ಬೆರಳಿಟ್ಟೆ. ಬ್ಯಾಟರಿ ಎಂದೋ ಸತ್ತಿದೆ, ಮುಳ್ಳು ಅಲುಗಲಿಲ್ಲ. ತಾಳಿಕೊಳ್ಳುವುದನ್ನು ಕಲಿಸಿದವರಿಗೆ ಹೇಳಬೇಕಾಗಿದ್ದ ಒಂದೇ ಒಂದು ಮಾತನ್ನು ಮಾತ್ರ ನಾನು ದುಡುಕಿಯೇ ಹೇಳಬೇಕಾಗಿತ್ತು.